ಉಸಿರಾಡುವ ಗುಹೆ, ಅದರ ಮೇಲೊಂದು ಹುಲ್ಲುಗಾವಲು

ಮಕ್ಕಳೇ, ಪ್ರಾಣಿಗಳು ಉಸಿರಾಡುತ್ತವೆ. ಗಿಡಮರಗಳೂ ಉಸಿರಾಡುತ್ತವೆ. ಇದು ನಿಮಗೆ ಗೊತ್ತೇ ಇದೆ. ಆದರೆ ಗುಹೆಯೊಂದು ಗಾಳಿಯನ್ನು ಒಳಗೆ ಎಳೆದುಕೊಂಡು ಮತ್ತೆ ಹೊರಗೆ ಬಿಡುತ್ತದೆ ಎಂದರೆ ನಂಬುವಿರಾ? ಅಂತಹ ಗುಹೆಯೊಂದು ಅಮೆರಿಕದಲ್ಲಿದೆ. ಅದರ ಹೆಸರೇ ವಿಂಡ್ ಕೇವ್, ಅಂದರೆ ಗಾಳಿ ಗುಹೆ. ಗುಹೆಯ ಮೇಲೆ ವಿಶಾಲವಾದ ಹುಲ್ಲುಗಾವಲಿದೆ. ಅಲ್ಲಿ ಕಾಡೆಮ್ಮೆಯಂತಹ ದೈತ್ಯ ಪ್ರಾಣಿಗಳು ಮೇಯುತ್ತವೆ, ನೆಲದಡಿ ಊರು ಕಟ್ಟಿಕೊಂಡ ಅಳಿಲುಗಳು ಕೂಗುತ್ತವೆ. ಬನ್ನಿ, ಕುಳಿತಲ್ಲಿಂದಲೇ ಆ ರಾಷ್ಟ್ರೀಯ ಉದ್ಯಾನವನ್ನು ಒಂದು ಸುತ್ತು ಹಾಕಿ ಬರೋಣ. ನೆಲದ ಕೆಳಗಿನ ಗುಹೆಗೂ ನೆಲದ ಮೇಲಿನ ಹುಲ್ಲಿಗೂ ಏನು ಸಂಬಂಧ ಎಂಬುದನ್ನೂ ತಿಳಿಯೋಣ.

ಎಲ್ಲಿದೆ ಈ ಗುಹೆ?

ಅಮೆರಿಕ ಸಂಯುಕ್ತ ಸಂಸ್ಥಾನದ ನಕ್ಷೆಯನ್ನು ತೆರೆಯಿರಿ. ಮಧ್ಯಭಾಗದಲ್ಲಿ ತುಸು ಉತ್ತರಕ್ಕೆ ದಕ್ಷಿಣ ಡಕೋಟ ಎಂಬ ರಾಜ್ಯವಿದೆ. ಅದರ ಪಶ್ಚಿಮ ಅಂಚಿನಲ್ಲಿ ಬ್ಲ್ಯಾಕ್ ಹಿಲ್ಸ್ ಎಂಬ ಬೆಟ್ಟಗಳ ಸಾಲಿದೆ. ಪೈನ್ ಮರಗಳು ದಟ್ಟವಾಗಿ ಬೆಳೆದಿರುವುದರಿಂದ ದೂರದಿಂದ ನೋಡಿದರೆ ಈ ಬೆಟ್ಟಗಳು ಕಪ್ಪಾಗಿ ಕಾಣುತ್ತವೆ. ಆದ್ದರಿಂದಲೇ ಆ ಹೆಸರು. ಬೆಟ್ಟಗಳ ದಕ್ಷಿಣ ತುದಿಯಲ್ಲಿ, ಹಾಟ್ ಸ್ಪ್ರಿಂಗ್ಸ್ ಎಂಬ ಪಟ್ಟಣದ ಹತ್ತಿರ, ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನವಿದೆ.

1903ರ ಜನವರಿ 9ರಂದು ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇದನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಕಾಯಿದೆಗೆ ಸಹಿ ಹಾಕಿದರು. ಗುಹೆಯೊಂದನ್ನು ರಕ್ಷಿಸಲೆಂದೇ ರಾಷ್ಟ್ರೀಯ ಉದ್ಯಾನ ಮಾಡಿದ್ದು ಜಗತ್ತಿನಲ್ಲಿ ಅದೇ ಮೊದಲು. ಇಂದು ಉದ್ಯಾನದ ವಿಸ್ತೀರ್ಣ ಸುಮಾರು 137 ಚದರ ಕಿಲೋಮೀಟರ್. ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಇದೆ. ಅದಕ್ಕಿಂತ ತುಸು ದೊಡ್ಡದು ಎಂದುಕೊಳ್ಳಿ.

ಹಾರಿಹೋದ ಟೊಪ್ಪಿ

ಈ ಬೆಟ್ಟಗಳು ಲಕೋಟ ಎಂಬ ಮೂಲನಿವಾಸಿಗಳ ನಾಡು. ಅವರಿಗೆ ಈ ಗುಹೆ ಬಹು ಪವಿತ್ರ. ತಮ್ಮ ಪೂರ್ವಿಕರು ಭೂಮಿಯ ಒಳಗಿನಿಂದ ಮೇಲಕ್ಕೆ ಬಂದದ್ದು ಈ ಗುಹೆಯ ಬಾಯಿಯ ಮೂಲಕವೇ ಎಂದು ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಅವರ ಭಾಷೆಯಲ್ಲಿ ಇದರ ಹೆಸರು 'ಓನಿಯಾ ಓಶೋಕಾ'. ಭೂಮಿ ಉಸಿರಾಡುವ ತಾಣ ಎಂಬುದು ಅದರ ಭಾವ. ನೋಡಿ, ಗುಹೆ ಉಸಿರಾಡುತ್ತದೆ ಎಂಬುದನ್ನು ಅವರು ಎಷ್ಟು ಹಿಂದೆಯೇ ಗಮನಿಸಿದ್ದರು! ಬ್ಲ್ಯಾಕ್ ಹಿಲ್ಸ್ ಲಕೋಟ ಜನರದೇ ಎಂದು 1868ರ ಒಪ್ಪಂದದಲ್ಲಿ ಅಮೆರಿಕ ಸರಕಾರ ಒಪ್ಪಿಕೊಂಡಿತ್ತು. ಆದರೆ 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಸರಕಾರ ಆ ನೆಲವನ್ನು ಅವರಿಂದ ಕಿತ್ತುಕೊಂಡಿತು.

ಹೊಸದಾಗಿ ಬಂದು ನೆಲೆಸಿದವರಿಗೆ ಗುಹೆ ಕಂಡದ್ದು 1881ರಲ್ಲಿ. ಜೆಸ್ಸಿ ಬಿಂಗ್‌ಹ್ಯಾಮ್ ಮತ್ತು ಟಾಮ್ ಬಿಂಗ್‌ಹ್ಯಾಮ್ ಎಂಬ ಅಣ್ಣತಮ್ಮಂದಿರಿಗೆ ನೆಲದೊಳಗಿನಿಂದ ಸಿಳ್ಳೆ ಹಾಕಿದಂತಹ ಸದ್ದು ಕೇಳಿಸಿತಂತೆ. ಹುಡುಕಿದಾಗ ಬಂಡೆಯಲ್ಲಿ ಒಂದು ಸಣ್ಣ ಕಿಂಡಿ ಕಂಡಿತು. ಬಗ್ಗಿ ನೋಡಿದರೆ, ಒಳಗಿನಿಂದ ನುಗ್ಗಿ ಬಂದ ಗಾಳಿಗೆ ತಲೆಯ ಮೇಲಿನ ಟೊಪ್ಪಿ ಹಾರಿಹೋಯಿತು! ಕೆಲವು ದಿನಗಳ ನಂತರ ಈ ಸೋಜಿಗವನ್ನು ಗೆಳೆಯರಿಗೆ ತೋರಿಸಲು ಮತ್ತೆ ಅಲ್ಲಿಗೆ ಹೋದರು. ಕಿಂಡಿಯ ಮುಂದೆ ಟೊಪ್ಪಿ ಹಿಡಿದರು. ಈ ಸಲ ಅದು ಮೇಲಕ್ಕೆ ಹಾರಲಿಲ್ಲ. ಗುಹೆ ಅದನ್ನು ಒಳಕ್ಕೆ ಎಳೆದುಕೊಂಡುಬಿಟ್ಟಿತು ಎಂದು ಕಥೆ ಹೇಳುತ್ತಾರೆ.

ಗುಹೆ ಉಸಿರಾಡುವುದು ಏಕೆ?

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಸೈಕಲ್ಲಿನ ಟ್ಯೂಬನ್ನು ನೆನಪಿಸಿಕೊಳ್ಳಿ. ಗಾಳಿ ತುಂಬಿದ ಟ್ಯೂಬಿನ ವಾಲ್ವ್ ಬಿಚ್ಚಿದರೆ ಗಾಳಿ ಸುಯ್ಯೆಂದು ಹೊರಬರುತ್ತದೆ. ಏಕೆಂದರೆ ಟ್ಯೂಬಿನೊಳಗೆ ಒತ್ತಡ ಹೆಚ್ಚು, ಹೊರಗೆ ಕಡಿಮೆ. ಗಾಳಿ ಯಾವಾಗಲೂ ಹೆಚ್ಚು ಒತ್ತಡವಿರುವ ಕಡೆಯಿಂದ ಕಡಿಮೆ ಒತ್ತಡವಿರುವ ಕಡೆಗೆ ಹರಿಯುತ್ತದೆ. ಎರಡೂ ಕಡೆಯ ಒತ್ತಡ ಸಮವಾದಾಗ ನಿಲ್ಲುತ್ತದೆ.

ಹೊರಗಿನ ವಾತಾವರಣದ ಒತ್ತಡ ದಿನವೂ ಒಂದೇ ಸಮನಾಗಿರುವುದಿಲ್ಲ. ಮೋಡ ಕವಿದು ಬಿರುಗಾಳಿ ಬರುವ ಮೊದಲು ಅದು ಕುಸಿಯುತ್ತದೆ. ಆಗ ಗುಹೆಯೊಳಗಿನ ಗಾಳಿಯ ಒತ್ತಡವೇ ಹೆಚ್ಚಾಗಿ, ಗಾಳಿ ಹೊರಕ್ಕೆ ನುಗ್ಗುತ್ತದೆ. ಆಕಾಶ ತಿಳಿಯಾಗಿ ಹೊರಗಿನ ಒತ್ತಡ ಏರಿದಾಗ ಗಾಳಿ ಒಳಕ್ಕೆ ಹೋಗುತ್ತದೆ. ಬಿಂಗ್‌ಹ್ಯಾಮ್ ಸಹೋದರರ ಟೊಪ್ಪಿ ಒಮ್ಮೆ ಹಾರಿ, ಇನ್ನೊಮ್ಮೆ ಒಳಸೇರಿದ್ದು ಹೀಗೆ.

ಹಾಗಾದರೆ ನಮ್ಮೂರ ಬೆಟ್ಟದ ಸಣ್ಣ ಗವಿ ಏಕೆ ಹೀಗೆ ಉಸಿರಾಡುವುದಿಲ್ಲ? ಕಾರಣ ಸರಳ. ವಿಂಡ್ ಕೇವಿನ ಹೊಟ್ಟೆ ಬಹಳ ದೊಡ್ಡದು, ಬಾಯಿ ಬಹಳ ಚಿಕ್ಕದು. ಅದರ ಸಹಜ ಬಾಯಿ ಒಬ್ಬ ಮನುಷ್ಯ ಕಷ್ಟಪಟ್ಟು ನುಸುಳಬಹುದಾದಷ್ಟು ಸಣ್ಣ ಕಿಂಡಿ. ಇಷ್ಟು ಚಿಕ್ಕ ದಾರಿಯಲ್ಲಿ ಅಷ್ಟೊಂದು ಗಾಳಿ ಹೋಗಿಬರಬೇಕಾದರೆ ಅದು ಜೋರಾಗಿಯೇ ಹರಿಯಬೇಕಲ್ಲವೇ? ಇಲ್ಲಿ ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚು ವೇಗದ ಗಾಳಿಯನ್ನು ಅಳೆದದ್ದುಂಟು!

ಕೊನೆ ಕಾಣದ ದಾರಿಗಳು

1890ರ ಸುಮಾರಿಗೆ ಆಲ್ವಿನ್ ಮೆಕ್‌ಡೊನಾಲ್ಡ್ ಎಂಬ ಹುಡುಗ ಈ ಗುಹೆಯನ್ನು ಹುಡುಕಲು ಇಳಿದ. ಆಗ ಅವನು ಹದಿಹರೆಯದವನು. ಕೈಯಲ್ಲಿ ಮೇಣದ ಬತ್ತಿ, ದಾರಿ ತಪ್ಪದಿರಲು ದಾರದ ಉಂಡೆ, ಇಷ್ಟೇ ಅವನ ಸಲಕರಣೆ. ನೋಡಿದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ, ಒಂದೊಂದು ಜಾಗಕ್ಕೂ ಹೆಸರಿಟ್ಟ. ಗುಹೆಯ ಕೊನೆಯನ್ನು ಕಾಣುವ ಆಸೆಯನ್ನೇ ತಾನು ಬಿಟ್ಟುಬಿಟ್ಟಿರುವುದಾಗಿಯೂ ಬರೆದ. ಆದರೆ ಹುಡುಕುವುದನ್ನು ಮಾತ್ರ ಬಿಡಲಿಲ್ಲ. 1893ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಾಗ ಅವನಿಗೆ 20 ವರ್ಷ. ಮೇಣದ ಬತ್ತಿಯ ಹೊಗೆಯಿಂದ ಅವನು ಬರೆದ ಹೆಸರು ಗುಹೆಯ ಗೋಡೆಗಳ ಮೇಲೆ ಇಂದಿಗೂ ಇದೆ.

ಆಲ್ವಿನ್‌ನ ನಂತರ ಎಷ್ಟೋ ಮಂದಿ ಗುಹಾನ್ವೇಷಕರು ತೆವಳಿ, ಹತ್ತಿ, ಇಳಿದು ನಕ್ಷೆ ಬರೆಯುತ್ತಾ ಬಂದಿದ್ದಾರೆ. ಈವರೆಗೆ ಅಳೆದ ದಾರಿಗಳ ಒಟ್ಟು ಉದ್ದ ಸುಮಾರು 270 ಕಿಲೋಮೀಟರ್. ಬೆಂಗಳೂರಿನಿಂದ ದಾವಣಗೆರೆಗೆ ಹೋದಷ್ಟು ದೂರ! ಆದರೆ ಇಷ್ಟೂ ದಾರಿಗಳು ಇರುವುದು ಮೇಲಿನ ಸುಮಾರು 3 ಚದರ ಕಿಲೋಮೀಟರ್ ನೆಲದ ಕೆಳಗೆ ಮಾತ್ರ. ಒಂದರ ಮೇಲೊಂದು, ಒಂದರೊಳಗೊಂದು ಹೆಣೆದುಕೊಂಡ ಮೂರಂತಸ್ತಿನ ಚಕ್ರವ್ಯೂಹ ಎನ್ನಬಹುದು.

1960ರ ದಶಕದಲ್ಲಿ ಹರ್ಬ್ ಕಾನ್ ಎಂಬ ಅನ್ವೇಷಕರು ಒಂದು ಉಪಾಯ ಮಾಡಿದರು. ಹೊರಗಿನ ಒತ್ತಡ ಇಷ್ಟು ಬದಲಾದಾಗ ಗುಹೆಯಿಂದ ಎಷ್ಟು ಗಾಳಿ ಹೊರಬರುತ್ತದೆ ಎಂದು ಅಳೆದರು. ಅದರಿಂದ ಗುಹೆಯ ಹೊಟ್ಟೆ ಎಷ್ಟು ದೊಡ್ಡದಿರಬೇಕು ಎಂದು ಲೆಕ್ಕ ಹಾಕಿದರು. ಮನುಷ್ಯರು ಕಂಡಿರುವುದು ಗುಹೆಯ ಒಂದು ಸಣ್ಣ ಭಾಗವನ್ನು ಮಾತ್ರ ಎಂದು ಆ ಲೆಕ್ಕ ಹೇಳಿತು. ಒಳಗೆ ಹೋಗದೆಯೇ ಗುಹೆಯನ್ನು ಅಳೆಯುವ ಉಪಾಯ ಹೇಗಿದೆ?

ಕಲ್ಲಿನ ಜಾಲರಿ

ಗುಹೆಯೊಳಗೆ ವರ್ಷವಿಡೀ ಸುಮಾರು 12 ಡಿಗ್ರಿ ಸೆಲ್ಸಿಯಸ್ ಉಷ್ಣತೆ. ಹೊರಗೆ ಹಿಮ ಬೀಳುತ್ತಿರಲಿ, ಬಿಸಿಲು ಸುಡುತ್ತಿರಲಿ, ಒಳಗೆ ಹೆಚ್ಚು ವ್ಯತ್ಯಾಸವಿಲ್ಲ. ದೀಪದ ಬೆಳಕಿನಲ್ಲಿ ಮೇಲೆ ನೋಡಿದರೆ ಚಾವಣಿಯ ತುಂಬ ಕಂದು ಬಣ್ಣದ ತೆಳುವಾದ ಕಲ್ಲಿನ ಹಾಳೆಗಳು. ಅವು ಒಂದನ್ನೊಂದು ಅಡ್ಡಡ್ಡ ಕತ್ತರಿಸಿಕೊಂಡು ಜೇನುಹುಟ್ಟಿನಂತೆ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳಂತೆ ಕಾಣುತ್ತವೆ. ಇದಕ್ಕೆ ಬಾಕ್ಸ್‌ವರ್ಕ್ ಎಂದು ಹೆಸರು. ನಾವು ಇದನ್ನು ಪೆಟ್ಟಿಗೆ ಜಾಲರಿ ಎನ್ನೋಣ. ಜಗತ್ತಿನಲ್ಲಿ ಇಷ್ಟೊಂದು ಪೆಟ್ಟಿಗೆ ಜಾಲರಿ ಇರುವ ಗುಹೆ ಮತ್ತೊಂದು ಗೊತ್ತಿಲ್ಲ.

ಇದು ಆದದ್ದು ಹೇಗೆ? ಸುಮಾರು 35 ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಬೆಚ್ಚನೆಯ ಸಮುದ್ರವಿತ್ತು. ಚಿಪ್ಪುಜೀವಿಗಳ ಅವಶೇಷಗಳು ತಳದಲ್ಲಿ ಪದರ ಪದರವಾಗಿ ಸೇರಿ ಸುಣ್ಣಕಲ್ಲಾಯಿತು. ಮುಂದೆ ಕಲ್ಲಿನಲ್ಲಿ ಬಿರುಕುಗಳು ಬಿಟ್ಟವು. ಬಿರುಕುಗಳಲ್ಲಿ ಕ್ಯಾಲ್ಸೈಟ್ ಎಂಬ ಖನಿಜ ತುಂಬಿಕೊಂಡಿತು. ಬಹಳ ಕಾಲದ ಮೇಲೆ ನೆಲ ಮೇಲೆದ್ದು ಬ್ಲ್ಯಾಕ್ ಹಿಲ್ಸ್ ಆಯಿತು. ನಿಧಾನವಾಗಿ ಸರಿದಾಡುವ ಅಂತರ್ಜಲ ಸುಣ್ಣಕಲ್ಲನ್ನು ಕರಗಿಸುತ್ತಾ ದಾರಿಗಳನ್ನು ಕೊರೆಯಿತು. ಬಿರುಕುಗಳ ನಡುವಿನ ಕಲ್ಲು ಕರಗಿ ಉದುರಿಹೋಯಿತು. ಕ್ಯಾಲ್ಸೈಟ್ ಹಾಳೆಗಳು ಮಾತ್ರ ಉಳಿದುಕೊಂಡವು. ಗೋಡೆಯ ಇಟ್ಟಿಗೆಗಳೆಲ್ಲ ಕರಗಿ, ನಡುವಿನ ಗಾರೆ ಮಾತ್ರ ನಿಂತಿದ್ದರೆ ಹೇಗೆ ಕಾಣುತ್ತಿತ್ತು? ಪೆಟ್ಟಿಗೆ ಜಾಲರಿ ಹಾಗೆಯೇ.

ನೀರು ಕಲ್ಲನ್ನು ಕರಗಿಸುವುದೇ? ಬರಿಯ ನೀರಿಗೆ ಆ ಶಕ್ತಿ ಬಹಳ ಕಡಿಮೆ. ಆದರೆ ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಆಗ ಅದು ದುರ್ಬಲ ಆಮ್ಲವಾಗುತ್ತದೆ. ಇದೇ ಕಾರ್ಬಾನಿಕ್ ಆಮ್ಲ. ಇದು ಸುಣ್ಣಕಲ್ಲನ್ನು ಕರಗಿಸಬಲ್ಲದು. ಮಣ್ಣಿನಲ್ಲಿ ಆ ಅನಿಲ ಎಲ್ಲಿಂದ ಬಂತು? ಹುಲ್ಲಿನ ಬೇರುಗಳು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟದ್ದು! ಮೇಲಿನ ಹುಲ್ಲಿಗೂ ಕೆಳಗಿನ ಗುಹೆಗೂ ಇರುವ ಮೊದಲ ನಂಟು ಇದು.

ಮಾಡಿ ನೋಡಿ: ಲೋಟದಲ್ಲಿ ಗುಹೆಯ ರಸಾಯನ

ಇದನ್ನು ಶಿಕ್ಷಕರ ಎದುರಿನಲ್ಲಿಯೇ ಮಾಡಿ. ಎಲೆಅಡಿಕೆಗೆ ಬಳಸುವ ಸುಣ್ಣವನ್ನು ಚಿಟಿಕೆಯಷ್ಟು ತೆಗೆದುಕೊಂಡು ಒಂದು ಬಾಟಲಿ ನೀರಿಗೆ ಹಾಕಿ ಅಲುಗಿಸಿ. ಮರುದಿನ ಮೇಲಿನ ತಿಳಿಯನ್ನು ಮಾತ್ರ ಲೋಟಕ್ಕೆ ಬಸಿದುಕೊಂಡು, ಅಷ್ಟೇ ನೀರು ಬೆರೆಸಿ. ಎಳನೀರು ಕುಡಿಯುವ ಕೊಳವೆಯಿಂದ ತಿಳಿಯೊಳಗೆ ಮೆಲ್ಲಗೆ ಊದಿ. ಊದಬೇಕೇ ಹೊರತು ಹೀರಬಾರದು. ತಿಳಿ ಕಣ್ಣಿಗೆ ಸಿಡಿಯದಂತೆಯೂ ನೋಡಿಕೊಳ್ಳಿ.

ಸ್ವಲ್ಪ ಹೊತ್ತಿನಲ್ಲಿ ತಿಳಿ ಹಾಲಿನಂತಾಗುತ್ತದೆ. ನಿಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಸುಣ್ಣಕಲ್ಲು ಎಂದರೂ ಇದೇ. ಇಲ್ಲಿಗೆ ನಿಲ್ಲಿಸಬೇಡಿ. ಸರದಿಯಲ್ಲಿ ಒಬ್ಬರಾದ ಮೇಲೊಬ್ಬರು ಊದುತ್ತಲೇ ಇರಿ. ಒಬ್ಬೊಬ್ಬರೂ ಬೇರೆ ಬೇರೆ ಕೊಳವೆ ಬಳಸಿ. ಹಾಲಿನ ಬಣ್ಣ ನಿಧಾನವಾಗಿ ಮಾಯವಾಗಿ ನೀರು ಮತ್ತೆ ತಿಳಿಯಾಗತೊಡಗುತ್ತದೆ. ಹೆಚ್ಚಾದ ಕಾರ್ಬನ್ ಡೈಆಕ್ಸೈಡ್ ನೀರನ್ನು ಆಮ್ಲೀಯ ಮಾಡಿತು, ಆ ನೀರು 'ಸುಣ್ಣಕಲ್ಲ'ನ್ನು ಕರಗಿಸಿತು. ನೆಲದಡಿಯಲ್ಲಿ ಲಕ್ಷಾಂತರ ವರ್ಷ ನಡೆದ ಕೆಲಸ ಇದೇ.

ಮೇಲೆ ಬಂದರೆ ಹುಲ್ಲಿನ ಕಡಲು

ಈಗ ಗುಹೆಯಿಂದ ಹೊರಗೆ ಬರೋಣ. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ಅಂಚಿನಲ್ಲಿ ಪೈನ್ ಮರಗಳು. ಉತ್ತರ ಅಮೆರಿಕದ ಈ ಹುಲ್ಲುಗಾವಲಿಗೆ ಪ್ರೇರಿ ಎನ್ನುತ್ತಾರೆ. ಪೂರ್ವದ ಎತ್ತರದ ಹುಲ್ಲೂ ಪಶ್ಚಿಮದ ಗಿಡ್ಡ ಹುಲ್ಲೂ ಇಲ್ಲಿ ಬೆರೆತು ಬೆಳೆಯುತ್ತವೆ.

ಹುಲ್ಲುಗಾವಲನ್ನು ನೋಡಿ 'ಏನೂ ಬೆಳೆಯದ ಬಂಜರು' ಎನ್ನುವವರಿದ್ದಾರೆ. ಅದು ತಪ್ಪು. ಹುಲ್ಲಿನ ದೊಡ್ಡ ಭಾಗ ಇರುವುದು ನೆಲದೊಳಗೆ. ಪ್ರೇರಿಯ ಕೆಲವು ಹುಲ್ಲುಗಳ ಬೇರು ಎರಡು ಮೀಟರಿಗೂ ಆಳಕ್ಕೆ ಇಳಿಯುತ್ತದೆ. ಮೇಯ್ದರೂ, ಬೆಂಕಿ ಬಿದ್ದರೂ, ಬರ ಬಂದರೂ ಬೇರಿನಿಂದ ಮತ್ತೆ ಚಿಗುರುತ್ತದೆ. ಬೆಂಕಿಯೇ ಬೀಳದಿದ್ದರೆ ಪೈನ್ ಸಸಿಗಳು ಹುಲ್ಲುಗಾವಲನ್ನು ಆಕ್ರಮಿಸುತ್ತವೆ. ಆದ್ದರಿಂದ ಉದ್ಯಾನದ ಸಿಬ್ಬಂದಿ ಹವೆ ನೋಡಿಕೊಂಡು, ಎಚ್ಚರಿಕೆಯಿಂದ, ಬೇಕಾದಷ್ಟು ಜಾಗಕ್ಕೆ ಮಾತ್ರ ತಾವೇ ಬೆಂಕಿ ಹಾಕುವುದುಂಟು.

ನಾಯಿಯಲ್ಲದ ನಾಯಿ

'ಚಿಕ್! ಚಿಕ್!' ಎಂದು ಕೂಗು ಕೇಳಿಸಿತೇ? ಮಣ್ಣಿನ ದಿಬ್ಬದ ಮೇಲೆ ಎರಡು ಕಾಲಲ್ಲಿ ನಿಂತು ಸುತ್ತ ನೋಡುತ್ತಿರುವ ದಪ್ಪ ಪ್ರಾಣಿಯ ಹೆಸರು ಪ್ರೇರಿ ಡಾಗ್. ಹೆಸರಿನಲ್ಲಿ ನಾಯಿ ಇದೆ, ಆದರೆ ಇದು ಅಳಿಲಿನ ಜಾತಿಯ ದಂಶಕ. ಕೂಗು ನಾಯಿ ಬೊಗಳಿದಂತೆ ಕೇಳಿಸಿದ್ದರಿಂದ ಈ ಹೆಸರು ಬಂತು. ನೂರಾರು ಪ್ರೇರಿ ಡಾಗ್‌ಗಳು ಅಕ್ಕಪಕ್ಕದಲ್ಲಿ ಬಿಲ ತೋಡಿ ಊರು ಕಟ್ಟಿಕೊಳ್ಳುತ್ತವೆ. ಊರಿನಲ್ಲಿ ಒಂದೊಂದು ಕುಟುಂಬಕ್ಕೂ ಅದರದೇ ಜಾಗ.

ಜಾನ್ ಹೂಗ್‌ಲ್ಯಾಂಡ್ ಎಂಬ ವಿಜ್ಞಾನಿ 1970 ಮತ್ತು 1980ರ ದಶಕಗಳಲ್ಲಿ ಇದೇ ಉದ್ಯಾನದಲ್ಲಿ ವರ್ಷಗಟ್ಟಲೆ ಕುಳಿತು ಇವುಗಳನ್ನು ನೋಡಿದರು. ಶತ್ರುವನ್ನು ಕಂಡು ಕೂಗುವ ಪ್ರಾಣಿ ತನ್ನ ಇರವನ್ನು ತಾನೇ ತೋರಿಸಿಕೊಟ್ಟಂತೆ ಅಲ್ಲವೇ? ಹಾಗಿದ್ದರೂ ಏಕೆ ಕೂಗುತ್ತದೆ? ಇದನ್ನು ತಿಳಿಯಲು ಅವರು ಹುಲ್ಲು ತುಂಬಿದ ಬೊಂಬೆಯಂತಹ ಬ್ಯಾಡ್ಜರ್ ಒಂದನ್ನು ಊರಿನ ನಡುವೆ ಎಳೆದಾಡಿದರು. ಬ್ಯಾಡ್ಜರ್ ಪ್ರೇರಿ ಡಾಗ್‌ಗಳನ್ನು ತಿನ್ನುವ ಪ್ರಾಣಿ. ಹತ್ತಿರದಲ್ಲಿ ಮರಿಗಳೋ ಒಡಹುಟ್ಟಿದವೋ ಇದ್ದ ಪ್ರೇರಿ ಡಾಗ್‌ಗಳೇ ಹೆಚ್ಚಾಗಿ ಕೂಗಿದವು!

ಇವುಗಳ ಬಿಲವೂ ಉಸಿರಾಡುತ್ತದೆ. ಬಿಲಕ್ಕೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಾಯಿ. ಒಂದರ ಸುತ್ತ ಎತ್ತರದ ಮಣ್ಣಿನ ದಿಬ್ಬ, ಇನ್ನೊಂದರ ಸುತ್ತ ತಗ್ಗಾದ ದಿಬ್ಬ. ನೆಲದಿಂದ ಮೇಲಕ್ಕೆ ಹೋದಂತೆ ಗಾಳಿಯ ವೇಗ ಹೆಚ್ಚು. ಹಾಗಾಗಿ ಎತ್ತರದ ಬಾಯಿಯ ಬಳಿ ಒತ್ತಡ ತುಸು ಕಡಿಮೆಯಾಗುತ್ತದೆ. ತಗ್ಗಿನ ಬಾಯಿಯಿಂದ ಹೊಸ ಗಾಳಿ ಒಳಹೊಕ್ಕು ಎತ್ತರದ ಬಾಯಿಯಿಂದ ಹೊರಹೋಗುತ್ತದೆ. ಸ್ಟೀವನ್ ವೋಗೆಲ್ ಮತ್ತು ಜೊತೆಗಾರರು 1973ರಲ್ಲಿ ಇದನ್ನು ತೋರಿಸಿಕೊಟ್ಟರು. ಗುಹೆಯ ಉಸಿರಿಗೂ ಬಿಲದ ಉಸಿರಿಗೂ ಕಾರಣಗಳು ಬೇರೆ ಬೇರೆ, ಆದರೆ ನಿಯಮ ಒಂದೇ. ಗಾಳಿ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ಹರಿಯುತ್ತದೆ.

ಪ್ರೇರಿ ಡಾಗ್‌ಗಳು ಬಿಲದ ಸುತ್ತ ಹುಲ್ಲನ್ನು ಗಿಡ್ಡವಾಗಿ ಕತ್ತರಿಸುತ್ತವೆ. ಅಲ್ಲಿ ಬರುವ ಎಳೆಯ ಚಿಗುರಿನಲ್ಲಿ ಪ್ರೋಟೀನು ಹೆಚ್ಚು. ಅದನ್ನು ಮೇಯಲು ದೊಡ್ಡ ಪ್ರಾಣಿಗಳು ಬರುತ್ತವೆ. ಬಿಟ್ಟುಹೋದ ಬಿಲಗಳಲ್ಲಿ ಒಂದು ಜಾತಿಯ ಗೂಬೆ ಮರಿ ಮಾಡುತ್ತದೆ. ಒಂದು ಪ್ರಾಣಿಯ ಊರು ಹಲವು ಪ್ರಾಣಿಗಳಿಗೆ ಆಸರೆ.

20ರಿಂದ ಬೆಳೆದ ಹಿಂಡು

ಅಲ್ಲಿ ಮೇಯುತ್ತಿರುವ ದೊಡ್ಡ ಪ್ರಾಣಿಯೇ ಬೈಸನ್. ನಮ್ಮ ಬಂಡೀಪುರ, ನಾಗರಹೊಳೆಯ ಕಾಟಿಯನ್ನೂ ಕೆಲವರು ಬೈಸನ್ ಎನ್ನುತ್ತಾರೆ. ಆದರೆ ಎರಡೂ ಬೇರೆ ಬೇರೆ ಪ್ರಾಣಿಗಳು. ಅಮೆರಿಕದ ಬೈಸನ್‌ಗೆ ತಲೆ, ಕತ್ತು, ಮುಂಗಾಲುಗಳ ಮೇಲೆ ದಟ್ಟ ಉಣ್ಣೆಯಂತಹ ಕೂದಲು. ದೊಡ್ಡ ಗಂಡು ಸುಮಾರು 900 ಕಿಲೋಗ್ರಾಂ ತೂಗುತ್ತದೆ. ಹೀಗಿದ್ದೂ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು.

ಒಂದು ಕಾಲಕ್ಕೆ ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಬೈಸನ್‌ಗಳಿದ್ದವು. ಲಕೋಟ ಜನರಿಗೆ ಊಟ, ಉಡುಪು, ಗುಡಾರ ಎಲ್ಲವೂ ಅದರಿಂದಲೇ ಆಗುತ್ತಿತ್ತು. 19ನೆಯ ಶತಮಾನದಲ್ಲಿ ರೈಲು ಬಂತು, ಬಂದೂಕು ಬಂತು, ತೊಗಲಿನ ವ್ಯಾಪಾರ ಬೆಳೆಯಿತು. 1880ರ ದಶಕ ಮುಗಿಯುವ ಹೊತ್ತಿಗೆ ಉಳಿದದ್ದು ಸುಮಾರು ಒಂದು ಸಾವಿರ ಮಾತ್ರ. ಬ್ಲ್ಯಾಕ್ ಹಿಲ್ಸ್ ಸುತ್ತ ಕಾಡಿನಲ್ಲಿ ಒಂದೂ ಉಳಿಯಲಿಲ್ಲ.

ಆಗ ನೆರವಿಗೆ ಬಂದದ್ದು ದೂರದ ನ್ಯೂಯಾರ್ಕ್ ನಗರದ ಮೃಗಾಲಯ. 1913ರಲ್ಲಿ ಅಲ್ಲಿಂದ 14 ಬೈಸನ್‌ಗಳನ್ನು ರೈಲಿನಲ್ಲಿ ಹಾಟ್ ಸ್ಪ್ರಿಂಗ್ಸ್‌ಗೆ ತಂದು ಇಲ್ಲಿ ಬಿಟ್ಟರು. 1916ರಲ್ಲಿ ಯೆಲ್ಲೋಸ್ಟೋನ್ ಉದ್ಯಾನದಿಂದ ಇನ್ನೂ 6 ಬಂದವು. ಈ 20ರಿಂದ ಬೆಳೆದ ಹಿಂಡಿನಲ್ಲಿ ಇಂದು ನೂರಾರು ಬೈಸನ್‌ಗಳಿವೆ. ಹುಲ್ಲು ಸಾಲುವಷ್ಟನ್ನು ಮಾತ್ರ ಇಲ್ಲಿ ಇಟ್ಟುಕೊಂಡು ಉಳಿದವನ್ನು ಬೇರೆ ಕಡೆಗೆ ಕಳಿಸುತ್ತಾರೆ. 2009ರಲ್ಲಿ ಇಲ್ಲಿಂದ 23 ಬೈಸನ್‌ಗಳು ಮೆಕ್ಸಿಕೋ ದೇಶದ ಹುಲ್ಲುಗಾವಲಿಗೆ ಹೋದವು. ಮೂಲನಿವಾಸಿಗಳ ನೆಲಕ್ಕೂ ಬೈಸನ್‌ಗಳು ಮರಳುತ್ತಿವೆ.

ಇನ್ನೊಂದು ಪ್ರಾಣಿಯ ಕಥೆಯನ್ನೂ ಕೇಳಿ. ಕಪ್ಪುಕಾಲಿನ ಫೆರೆಟ್ ಎಂಬುದು ನಮ್ಮ ನೀರುನಾಯಿಯ ಸಂಬಂಧಿ. ನೋಡಲು ಉದ್ದ ಮೈಯ ಸಣ್ಣ ಪ್ರಾಣಿ. ಇದಕ್ಕೆ ಪ್ರೇರಿ ಡಾಗ್‌ಗಳೇ ಆಹಾರ, ಅವುಗಳ ಬಿಲವೇ ಮನೆ. ಬೆಳೆಗೂ ಮೇವಿಗೂ ಅಡ್ಡಿ ಎಂದು ಜನ ಪ್ರೇರಿ ಡಾಗ್‌ಗಳಿಗೆ ವಿಷ ಹಾಕಿದರು, ಚಿಗಟಗಳಿಂದ ಹರಡುವ ಪ್ಲೇಗ್ ರೋಗವೂ ಬಂತು. ಪ್ರೇರಿ ಡಾಗ್ ಕಡಿಮೆಯಾದಂತೆ ಫೆರೆಟ್ ಮಾಯವಾಯಿತು. ಅದರ ವಂಶವೇ ಅಳಿಯಿತು ಎಂದು ತಿಳಿದಿದ್ದಾಗ, 1981ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಒಂದು ಸಾಕುನಾಯಿ ಸತ್ತ ಫೆರೆಟ್ ಒಂದನ್ನು ಮನೆಗೆ ಕಚ್ಚಿಕೊಂಡು ಬಂತು! ಹುಡುಕಿದಾಗ ಕೆಲವು ಜೀವಂತ ಫೆರೆಟ್‌ಗಳು ಸಿಕ್ಕವು. ರೋಗ ತಗಲಿ ಅವೂ ಸಾಯತೊಡಗಿದವು. 1987ರ ಹೊತ್ತಿಗೆ ಉಳಿದದ್ದು 18 ಮಾತ್ರ. ಅವನ್ನು ಹಿಡಿದು ಸಾಕಿ ಮರಿ ಮಾಡಿಸಿದರು. 2007ರಲ್ಲಿ ವಿಂಡ್ ಕೇವ್ ಉದ್ಯಾನಕ್ಕೂ ಫೆರೆಟ್‌ಗಳು ಮರಳಿದವು.

ಮರಳಿ ಬಾರದ್ದು ಯಾವುದು?

ಬೈಸನ್ ಮರಳಿತು, ಫೆರೆಟ್ ಮರಳಿತು. ಹಾಗಾದರೆ ಕಳೆದುಕೊಂಡದ್ದೆಲ್ಲ ಮರಳಿ ಬರುವುದೇ? ಇಲ್ಲ. ಪ್ರಾಣಿಗಳು ಮರಳಿದ್ದು ಎಲ್ಲೋ ಕೆಲವು ಉಳಿದಿದ್ದರಿಂದ. ಗುಹೆಯ ಮಾತೇ ಬೇರೆ. 1890ರ ದಶಕದಲ್ಲಿ, ಅದು ಇನ್ನೂ ಉದ್ಯಾನವಾಗಿರದಿದ್ದಾಗ, ಜನ ಪೆಟ್ಟಿಗೆ ಜಾಲರಿಯನ್ನು ಒಡೆದು ನೆನಪಿನ ಕಾಣಿಕೆಯಾಗಿ ಮಾರುತ್ತಿದ್ದರು. ಒಡೆದ ಆ ಹಾಳೆಗಳು ಮತ್ತೆ ಬೆಳೆಯಲಿಲ್ಲ, ಬೆಳೆಯುವುದೂ ಇಲ್ಲ. ಅವನ್ನು ಮಾಡಿದ ನೀರು ಆ ದಾರಿಗಳಿಂದ ಎಂದೋ ಇಳಿದುಹೋಗಿದೆ.

ಒಡೆಯದೆಯೂ ಗುಹೆಗೆ ಕೇಡಾಗಬಹುದು. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಬೇಗ ಇಳಿಯುತ್ತದೆ. ಮೇಲೆ ನಿಂತ ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ, ಚರಂಡಿಯ ನೀರು, ಕಳೆನಾಶಕ ಎಲ್ಲವೂ ಮಳೆಯ ಜೊತೆ ಗುಹೆಗೆ ಇಳಿಯಬಹುದು. ಗುಹೆಯ ಅತ್ಯಂತ ಆಳದಲ್ಲಿ, ನೆಲಮಟ್ಟದಿಂದ ಸುಮಾರು 150 ಮೀಟರ್ ಕೆಳಗೆ, ಸಣ್ಣ ಕೆರೆಗಳಿವೆ. ಅದು ಆ ಪ್ರದೇಶದ ಅಂತರ್ಜಲದ ಮಟ್ಟ. ಇದೇ ಸುಣ್ಣಕಲ್ಲಿನ ಪದರದಲ್ಲಿ ಕೂಡಿದ ನೀರನ್ನು ಬ್ಲ್ಯಾಕ್ ಹಿಲ್ಸ್ ಸುತ್ತಲಿನ ಊರುಗಳ ಜನ ಬಾವಿ ಕೊರೆದು ಕುಡಿಯುತ್ತಾರೆ. ಮೇಲೆ ಚೆಲ್ಲಿದ್ದು ಕೆಳಗೆ ಹೋಗುತ್ತದೆ, ಕೆಳಗೆ ಹೋದದ್ದು ಕುಡಿಯುವ ಲೋಟಕ್ಕೆ ಬರಬಹುದು. ಆದ್ದರಿಂದ ಗುಹೆಯನ್ನು ಉಳಿಸಬೇಕಾದರೆ ಬಾಗಿಲಿಗೆ ಬೀಗ ಹಾಕಿದರೆ ಸಾಲದು. ಅದರ ಮೇಲಿನ ಹುಲ್ಲನ್ನೂ ಮಣ್ಣನ್ನೂ ಕಾಯಬೇಕು.

ನೋಡಲು ಹೋದವರು ಪಾಲಿಸಬೇಕಾದ್ದು

ಗುಹೆಯೊಳಗೆ ಮಾರ್ಗದರ್ಶಕರ ಜೊತೆಯಲ್ಲೇ ಹೋಗಬೇಕು. ಗೋಡೆ ಮುಟ್ಟಬಾರದು. ನಮ್ಮ ಕೈಯ ಜಿಡ್ಡು ಕಲ್ಲಿಗೆ ಅಂಟುತ್ತದೆ. ಜನರ ಬಟ್ಟೆಯಿಂದ ಉದುರುವ ನೂಲಿನ ಎಳೆ, ಕೂದಲು, ಧೂಳು ಕೂಡ ಅಲ್ಲಿ ಕಸವೇ. ಅದನ್ನು ಕೈಯಿಂದ ಆರಿಸಿ ತೆಗೆಯಬೇಕಾಗುತ್ತದೆ.

ಬೇರೆ ಗುಹೆಗೆ ಹಾಕಿಕೊಂಡು ಹೋದ ಬಟ್ಟೆ, ಬೂಟುಗಳನ್ನು ಇಲ್ಲಿಗೆ ತರಬಾರದು. ಏಕೆ ಗೊತ್ತೇ? ಬಾವಲಿಗಳ ಮೂತಿಯ ಮೇಲೆ ಬಿಳಿ ಬೂಷ್ಟು ಬೆಳೆಯುವ ರೋಗವೊಂದು 2006ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲು ಕಂಡಿತು. ಅದು ಉತ್ತರ ಅಮೆರಿಕದಲ್ಲಿ ಲಕ್ಷಾಂತರ ಬಾವಲಿಗಳನ್ನು ಕೊಂದಿದೆ. ಬೂಷ್ಟಿನ ಬೀಜಾಣುಗಳು ಬಟ್ಟೆ, ಬೂಟಿಗೆ ಅಂಟಿಕೊಂಡು ಗುಹೆಯಿಂದ ಗುಹೆಗೆ ಹೋಗಬಲ್ಲವು.

ಹುಲ್ಲುಗಾವಲಿನಲ್ಲಿ ಬೈಸನ್‌ನಿಂದ ಕನಿಷ್ಠ 23 ಮೀಟರ್ ದೂರವಿರಬೇಕು. ಶಾಂತವಾಗಿ ಮೇಯುತ್ತಿದ್ದರೂ ಅದು ಸಾಧುಪ್ರಾಣಿಯಲ್ಲ. ಪ್ರೇರಿ ಡಾಗ್‌ಗಳಿಗೆ ತಿಂಡಿ ಹಾಕಬಾರದು.

ಇವೆಲ್ಲ ಅಮೆರಿಕದ ಉದ್ಯಾನಕ್ಕಷ್ಟೇ ಸಂಬಂಧಿಸಿದ ಮಾತುಗಳಲ್ಲ. ನಿಮ್ಮ ಊರಿನ ಗೋಮಾಳದ ಹುಲ್ಲಿನ ಕೆಳಗೂ ಬೇರುಗಳು ಉಸಿರಾಡುತ್ತಿವೆ, ಮಳೆನೀರು ಇಂಗುತ್ತಿದೆ. ಆ ನೀರು ಯಾರ ಬಾವಿಗೆ ಹೋಗುತ್ತದೆ? ಅಲ್ಲಿ ಕಸ ಸುರಿದರೆ ಏನಾಗುತ್ತದೆ? ಒಮ್ಮೆ ಹೋಗಿ ನೋಡಿ, ದೊಡ್ಡವರನ್ನು ಕೇಳಿ.

ಯೋಚಿಸಿ, ಉತ್ತರಿಸಿ

1. ಬಿರುಗಾಳಿ ಬರುವ ಮೊದಲು ವಿಂಡ್ ಕೇವಿನ ಬಾಯಿಯಲ್ಲಿ ಗಾಳಿ ಯಾವ ಕಡೆಗೆ ಹರಿಯುತ್ತದೆ? ಏಕೆ?
2. ಗುಹೆಯ ಬಾಯಿಯನ್ನು ಬಾಗಿಲಿನಷ್ಟು ದೊಡ್ಡದು ಮಾಡಿದರೆ ಗಾಳಿಯ ವೇಗ ಏನಾಗಬಹುದು?
3. ಪ್ರೇರಿ ಡಾಗ್‌ಗಳೆಲ್ಲ ಸತ್ತುಹೋದರೆ ಬೇರೆ ಯಾವ ಯಾವ ಪ್ರಾಣಿಗಳಿಗೆ ತೊಂದರೆಯಾಗುತ್ತದೆ? ಪಟ್ಟಿ ಮಾಡಿ.
4. ನಿಮ್ಮ ಶಾಲೆಯ ಸುತ್ತ ಬಿದ್ದ ಮಳೆನೀರು ಎಲ್ಲಿ ಇಂಗುತ್ತದೆ, ಎಲ್ಲಿ ಹರಿದುಹೋಗುತ್ತದೆ? ಒಂದು ನಕ್ಷೆ ಬರೆದು ತರಗತಿಯಲ್ಲಿ ತೂಗುಹಾಕಿ.